ಅಮೋಘಸಿದ್ದನ ಬ್ಯಾಟರಿಗೆ ನಾನು ಹಾಕಿದ ಬೀಗ

ನಮ್ಮ ಭಾಗದ ಕರೆಂಟಿನ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಬೇಸಿಗೆಯ ಅಡ್ಡಮಳೆ ಬಿದ್ದ ಮರುವಾರ, ಹಾಡುಹಗಲಿನಲ್ಲಿ ಹೇಳದೆ ಕೇಳದೆ ಹೋದ ಕರೆಂಟು ಸಂಜೆಯವರೆಗೂ ಬರಲಿಲ್ಲ. ಆ ಹೊತ್ತಿನಲ್ಲಿ ನಮ್ಮೂರಿನ ಅಮೋಘಸಿದ್ದನ ಹನ್ನೊಂದು ಕುರಿ ಸತ್ತವು. ದನದ ಡಾಕ್ಟರಿಗೆ ಸಕಾಲದಲ್ಲಿ ಒಂದು ಫೋನು ಹೋಗಿದ್ದರೆ ಅವುಗಳಲ್ಲಿ ಕೆಲವಾದರೂ ಬದುಕುತ್ತಿದ್ದವು. ಫೋನು ಹೋಗಲಿಲ್ಲ. ಅದಕ್ಕೆ ಕಾರಣರು ಇಬ್ಬರು. ಒಬ್ಬರು ತಾವು, ಇನ್ನೊಬ್ಬ ಈ ಪತ್ರ ಬರೆಯುತ್ತಿರುವ ನಾನು. ತಮ್ಮ ಪಾಲನ್ನು ಮೊದಲು ಹೇಳುತ್ತೇನೆ. ಅದನ್ನು ಹೇಳುವುದು ನನಗೆ ಸುಲಭ.

ತೆಲಂಗಾಣದ ಕಚೇರಿಗೆ ಈತ ಕನ್ನಡದಲ್ಲಿ ಏಕೆ ಬರೆಯುತ್ತಿದ್ದಾನೆ ಎಂದು ತಾವು ಹುಬ್ಬೇರಿಸಬಹುದು. ಮೊಗುಡಂಪಲ್ಲಿಯ ಆಚೆ, ಬೀದರ್ ಜಿಲ್ಲೆಗೆ ಬೆನ್ನು ತಾಗಿಸಿಕೊಂಡು ಕೂತ ಹಳ್ಳಿ ನಮ್ಮದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು. ತಮಗೆ ತೆಲುಗಿನಲ್ಲಿ ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಉರ್ದುವಿನಲ್ಲಿ ಕೈಮುಗಿದು ಕೇಳಿದೆ, ‘ಹೋ ಜಾಯೇಗಾ’ ಎಂಬ ಅಮೃತವಾಣಿ ದೊರೆಯಿತು. ಹೇಗೂ ಉತ್ತರ ಬರುವುದಿಲ್ಲವೆಂದ ಮೇಲೆ ತಾಯಿನುಡಿಯಲ್ಲೇ ಬರದಿರಲಿ ಎಂದು ಈ ಸಲ ಕನ್ನಡದಲ್ಲಿ ಬರೆದು, ಗಡಿಯಾಚೆಯ ಪತ್ರಿಕೆಗೆ ಕೊಟ್ಟಿದ್ದೇನೆ.

ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ, ಅದು ನಮಗೆ ಅರ್ಥವಾಗುತ್ತದೆ. ಗಾಳಿ ಬೀಸದ ದಿನವೂ ಹೋಗುತ್ತದೆ, ಅದು ಬಹುಶಃ ಗಾಳಿ ಬೀಸೀತೆಂಬ ಮುಂಜಾಗ್ರತೆ. ಮೊದಲೇ ಸೂಚನೆ ಕೊಡುವುದಿಲ್ಲ ಎಂದು ತಮ್ಮನ್ನು ದೂರುವಂತಿಲ್ಲ, ಕೊಡುತ್ತೀರಿ. ಅದು ವಾಟ್ಸಪ್ಪಿನಲ್ಲಿ ಬರುತ್ತದೆ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದು ಊರಿನ ಫೋನುಗಳೆಲ್ಲ ಮೂಕವಾಗುತ್ತವೆ. ಸಂಜೆ ಕರೆಂಟು ಬಂದ ಮೇಲೆ ಫೋನು ಟಿಣ್ ಎನ್ನುತ್ತದೆ. ತೆರೆದು ನೋಡಿದರೆ, ‘ಇಂದು ಬೆಳಿಗ್ಗೆಯಿಂದ ವಿದ್ಯುತ್ ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು’. ನಾವು ಅಷ್ಟೊತ್ತಿಗಾಗಲೇ ಸಹಕರಿಸಿ ಮುಗಿಸಿರುತ್ತೇವೆ. ತಮ್ಮ ಮನೆಯಲ್ಲಿ ಇನ್ವರ್ಟರ್ ಇರಬಹುದು, ಇರಲಿ. ಆದರೆ ಕರೆಂಟು ಹೋದ ಸುದ್ದಿಯನ್ನು ಕರೆಂಟು ಇದ್ದಾಗ ಮಾತ್ರ ತಲುಪುವಂತೆ ಕಳಿಸುವ ಬುದ್ಧಿ ಯಾವ ತರಬೇತಿಯಲ್ಲಿ ಕಲಿಸುತ್ತಾರೆ?

ಇಂಥ ಊರಿನಲ್ಲಿ ಕರೆಂಟು ಹೋದಾಗಲೂ ಹೊರಗಿನ ಲೋಕಕ್ಕೆ ತೆರೆದಿದ್ದುದು ಒಂದೇ ಬಾಗಿಲು, ನಮ್ಮ ಪಡಸಾಲೆಯ ಗೋಡೆಯ ಮೇಲಿನ ವೈಫೈ ಡಬ್ಬಿ. ನಮ್ಮ ಸೊಸೆ ಸ್ವಾತಿ ಮನೆಯಲ್ಲೇ ಕೂತು ದೂರದ ಊರುಗಳ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಅದಕ್ಕಾಗಿ ತಂತಿಯ ಇಂಟರ್ನೆಟ್ ಹಾಕಿಸಿದೆವು. ತಂತಿಯಲ್ಲಿ ನೆಟ್ಟು ಸದಾ ಬರುತ್ತದೆ, ಡಬ್ಬಿಗೆ ಮಾತ್ರ ಕರೆಂಟು ಬೇಕು. ಪಾಠದ ನಡುವೆ ಡಬ್ಬಿ ಆರಿಹೋಗಿ ಆಕೆ ಕಣ್ಣೀರು ಹಾಕಿದ್ದನ್ನು ಕಂಡವನು ಅಮೋಘಸಿದ್ದ.

ಅಮೋಘಸಿದ್ದ ಕುರಿ ಸಾಕುವವನು, ನನಗಿಂತ ಬಹಳ ಚಿಕ್ಕವನು, ನನ್ನನ್ನು ಕಾಕಾ ಎನ್ನುತ್ತಾನೆ. ಸುಗ್ಗಿ ಮುಗಿದ ಮೇಲೆ ಅವನ ಹಿಂಡು ನನ್ನ ಹೊಲದಲ್ಲಿ ತಂಗುತ್ತದೆ, ಹೊಲಕ್ಕೆ ಗೊಬ್ಬರವಾಗುತ್ತದೆ, ನಾನು ಅವನ ಮನೆಗೆ ಜೋಳ ಅಳೆಯುತ್ತೇನೆ. ನಮ್ಮಲ್ಲಿ ಇದು ಅಜ್ಜಂದಿರ ಕಾಲದ ಮುಯ್ಯಿ. ಒಂದು ಸಂಜೆ ಅವನು ತೊಗರಿಗೆ ಔಷಧ ಹೊಡೆಯುವ ತನ್ನ ಬೆನ್ನುಪಂಪನ್ನು ತಂದು, ಕೆಳಗಿನ ಡಬ್ಬ ಬಿಚ್ಚಿ, ಒಳಗಿನ ಬ್ಯಾಟರಿ ಹೊರಗೆ ತೆಗೆದ.

“ಬ್ಯಾಸಗೀದಾಗ ಇದು ಸುಮ್ನ ಕುಂತದರಿ ಕಾಕಾ. ಮಳಿಗಾಲ ಬರೋತನಕ ನಿಮ್ಮ ಡಬ್ಬಿಗಿ ಇರ್ಲಿ. ತಂಗಿ ಪಾಠ ನಿಲ್ಲಬಾರ್ದು” ಎಂದ.

ಡಬ್ಬಿಗೆ ಬೇಕಾದದ್ದೂ ಹನ್ನೆರಡು ವೋಲ್ಟು, ಪಂಪಿನ ಬ್ಯಾಟರಿಯೂ ಅಷ್ಟೇ. ಪೇಟೆಯಿಂದ ಒಂದು ವೈರು ತಂದು ಜೋಡಿಸಿದೆವು. ಅಂದಿನಿಂದ ತಾವು ಎಷ್ಟೇ ಶ್ರದ್ಧೆಯಿಂದ ಕರೆಂಟು ತೆಗೆದರೂ ನಮ್ಮ ಪಡಸಾಲೆಯಲ್ಲಿ ಹಸಿರು ದೀಪ ಆರಲಿಲ್ಲ. ಸ್ವಾತಿ ಅವನ ಫೋನಿಗೂ ಪಾಸ್‌ವರ್ಡ್ ಹಾಕಿಕೊಟ್ಟಳು. ಓದು ಬಾರದ ಅವನಿಗೆ ನಮ್ಮ ಅಂಗಳಕ್ಕೆ ಬಂದರೆ ಫೋನು ತಾನಾಗಿ ಹತ್ತುತ್ತದೆ ಎಂಬುದಷ್ಟೇ ಗೊತ್ತು. ಮೆಲ್ಲಗೆ ಊರಿಗೂ ಅದು ಗೊತ್ತಾಯಿತು. ಕರೆಂಟು ಹೋದರೆ ಸಾಕು, ನಮ್ಮ ಕಟ್ಟೆ ತುಂಬುತ್ತಿತ್ತು. ಹೆರಿಗೆಗೆ ಹೋದ ಮಗಳ ಸುದ್ದಿ ಕೇಳುವವರು, ತಾಂಡೂರಿನ ತೊಗರಿ ದರ ವಿಚಾರಿಸುವವರು, ಸುಮ್ಮನೆ ವಿಡಿಯೊ ನೋಡಿ ನಗುವವರು, ಎಲ್ಲರೂ ಅಲ್ಲೇ.

ಇನ್ನು ನನ್ನ ಪಾಲು.

ಆ ವಾರ ಸ್ವಾತಿ ನಾರಾಯಣಖೇಡದ ತವರಿಗೆ ಹೋಗಿದ್ದಳು. ನಾನು ಜಹೀರಾಬಾದಿಗೆ ಹೊರಟಿದ್ದೆ. ಎಲ್ಲಿಗೆ ಎಂದು ಕೇಳಿ, ತಮ್ಮ ಕಚೇರಿಗೇ, ಕರೆಂಟಿನ ಬಗ್ಗೆ ಅರ್ಜಿ ಹಿಡಿದು. ಬೆಳಿಗ್ಗೆ ಹೊರಗೆ ಬಂದರೆ ಕಟ್ಟೆಯ ಮೇಲೆ ನಾಲ್ಕಾರು ಪಡ್ಡೆಹುಡುಗರು ಫೋನು ಹಿಡಿದು ಹಲ್ಲು ಕಿರಿಯುತ್ತಿದ್ದರು. ಮೈ ಉರಿಯಿತು. ಸೊಸೆ ಮನೆಯಲ್ಲಿಲ್ಲ, ಇನ್ನು ಕರೆಂಟು ಹೋದರೆ ನನ್ನ ಬ್ಯಾಟರಿ ಈ ಉಂಡಾಡಿಗಳಿಗಾಗಿ ಏಕೆ ಖಾಲಿಯಾಗಬೇಕು ಎನಿಸಿತು. ನನ್ನ ಬ್ಯಾಟರಿ! ಮಾನ್ಯರೇ, ನಾನು ಹಾಗೆಯೇ ಯೋಚಿಸಿದೆ. ಎರಡು ತಿಂಗಳು ನಮ್ಮ ಗೋಡೆಗೆ ಆತುಕೊಂಡಿದ್ದಕ್ಕೆ ಅದು ನನ್ನದಾಗಿಬಿಟ್ಟಿತ್ತು. ನಿಂತ ನಿಲುವಿನಲ್ಲೇ ಪಾಸ್‌ವರ್ಡ್ ಬದಲಿಸಿದೆ. ಹುಡುಗರ ಮುಖ ಬಾಡಿದ್ದನ್ನು ನೋಡಿ ಖುಷಿಪಟ್ಟೆ ಕೂಡ. ಹೆಂಡತಿಗೂ ಹೇಳದೆ ಬಸ್ಸು ಹತ್ತಿದೆ.

ಮಧ್ಯಾಹ್ನ ಕರೆಂಟು ಹೋಯಿತು. ಅಡ್ಡಮಳೆಗೆ ಕೊಯ್ದ ಜೋಳದ ಕೂಳೆ ಚಿಗುರಿತ್ತು. ಹಾಗೆ ಹೊಸದಾಗಿ ಚಿಗುರಿದ ಸುಳಿ ಕುರಿಗೆ ವಿಷ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಮೋಘಸಿದ್ದ ನೀರು ತರಲು ಹೋದಾಗ ಹಿಂಡಿನ ಒಂದು ಭಾಗ ಬದು ದಾಟಿ ಅದಕ್ಕೆ ಬಾಯಿ ಹಾಕಿತು. ಅವನು ಬರುವಷ್ಟರಲ್ಲಿ ಕುರಿಗಳು ಏದುಸಿರು ಬಿಡುತ್ತ ನೊರೆ ಕಾರುತ್ತಿದ್ದವು. ಇದಕ್ಕೆ ಇಂಜೆಕ್ಷನ್ ಇದೆ, ಬೇಗ ಕೊಡಬೇಕಷ್ಟೆ. ಅವನು ಹೆಂಡತಿ ಭಾಗ್ಯಳನ್ನು ಕುರಿಗಳ ಹತ್ತಿರ ಬಿಟ್ಟು ನಮ್ಮ ಮನೆಗೆ ಓಡಿಬಂದ.

ಮುಂದಿನದನ್ನು ನನಗೆ ಹೇಳಿದವಳು ನನ್ನ ಹೆಂಡತಿ ಸಕ್ಕುಬಾಯಿ.

“ಕಾಕು, ಫೋನ್ ಹತ್ತವಲ್ದು. ನಿಮ್ಮ ಡಬ್ಬಿ ಚಾಲೂ ಅದನೋ ಇಲ್ಲೋ ನೋಡ್ರಿ” ಅಂದನಂತೆ.

“ದೀಪ ಹತ್ಯಾದಲ್ಲಪಾ. ಹಸರs ಅದ” ಅಂದಳಂತೆ ಈಕೆ.

ಅವನು ಫೋನನ್ನು ಡಬ್ಬಿಗೆ ಮುಟ್ಟಿಸುವಷ್ಟು ಹತ್ತಿರ ಹಿಡಿದ. ಆರಿಸಿ ಮತ್ತೆ ಹಚ್ಚಿದ. ಕುರ್ಚಿಯ ಮೇಲೆ ಹತ್ತಿ ನಿಂತ. ಸಕ್ಕುಬಾಯಿಯ ಹತ್ತಿರ ಇರುವುದು ಗುಂಡಿಯ ಫೋನು, ಅದಕ್ಕೆ ವೈಫೈ ಗೊತ್ತಿಲ್ಲ. ಕೊನೆಗೆ ಅವನು, “ಮ್ಯಾಲಿಂದs ನೆಟ್ ಬರವಲ್ದು ಕಾಣ್ತದ” ಎಂದು ಗಾಡಿ ಹತ್ತಿ ಬೀದರಿನ ಕಡೆಯ ಏರಿನವರೆಗೆ ಹೋದ. ಅಲ್ಲಿ ಕರ್ನಾಟಕದ ಟವರು ಸಿಗುತ್ತದೆ. ಅಲ್ಲಿಂದ ಫೋನು ಮಾಡಿದ, ಡಾಕ್ಟರು ಬಂದರು, ಉಸಿರಿದ್ದವನ್ನು ಉಳಿಸಿದರು. “ತುಸು ಮೊದಲೇ ಹೇಳಬೇಕಿತ್ತು” ಎಂದರಂತೆ. ಅವನ ಬ್ಯಾಟರಿಯಿಂದ ಉರಿಯುತ್ತಿದ್ದ ದೀಪದ ಕೆಳಗೆ ಅವನೇ ನಿಂತಿದ್ದ, ನಾನು ಅವನನ್ನು ಹೊರಗಿಟ್ಟಿದ್ದೆ. ಆ ಹೊತ್ತಿನಲ್ಲಿ ನಾನು ತಮ್ಮ ಕಚೇರಿಯ ಬೆಂಚಿನ ಮೇಲೆ, ಸಾರ್ವಜನಿಕರ ಕಷ್ಟ ತಮಗೆ ತಿಳಿಯುವುದಿಲ್ಲ ಎಂದು ಪಕ್ಕದವನಿಗೆ ಭಾಷಣ ಮಾಡುತ್ತಿದ್ದೆ.

ಊರಿಗೆ ಬಂದರೆ ಎಲ್ಲರ ಬಾಯಲ್ಲೂ ತಮ್ಮದೇ ಹೆಸರು. ಕರೆಂಟಿನವರೇ ಕುರಿ ಕೊಂದರು, ಪರಿಹಾರ ಕೇಳಬೇಕು, ಅರ್ಜಿ ಬರೆಯಲು ಆತ್ಮಾರಾಮ ಇದ್ದಾನಲ್ಲ! ಅಮೋಘಸಿದ್ದನೂ ನನ್ನೆದುರು ಕೂತು, “ಕರೆಂಟs ಇರ್ಲಿಲ್ಲ, ನೆಟ್ ಎಲ್ಲಿಂದ ಬರಬೇಕ್ರಿ ಕಾಕಾ. ನೀವs ಬರೀರಿ, ನಿಮ್ಮ ಬರವಣಿಗಿ ಗಟ್ಟಿ ಅದ” ಎಂದ. ನಾನು ಬರೆದೆ. ಬಹಳ ಗಟ್ಟಿಯಾಗಿಯೇ ಬರೆದೆ. ತಮ್ಮನ್ನು ಕಟುಕರೆಂದು ಕರೆದೆ. ಊರವರು ಸಹಿ ಹಾಕಿದರು, ಅವನು ಹೆಬ್ಬೆಟ್ಟು ಒತ್ತಿದ. ಆ ಹೆಬ್ಬೆಟ್ಟು ನೋಡಿದ ಮೇಲೆ ಅರ್ಜಿಯನ್ನು ಕಳಿಸಲೂ ಆಗಲಿಲ್ಲ, ಹರಿಯಲೂ ಆಗಲಿಲ್ಲ.

ಸಕ್ಕುಬಾಯಿಗೆ ಹೇಳಿದೆ. ಆಕೆ, “ನನಗ ಹೇಳಿ ಏನ್ ಉಪಯೋಗ್ರಿ? ನನ್ನ ಕುರಿ ಸತ್ತಿಲ್ಲ. ಹೋಗಿ ಅವನಿಗಿ ಹೇಳ್ರಿ” ಎಂದಳು.

ಹೋದೆ. ಅವನು ಕುರಿಹಟ್ಟಿಯ ಮುಳ್ಳುಬೇಲಿ ಸರಿಪಡಿಸುತ್ತಿದ್ದ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಬಯ್ಯಲಿ ಎಂದು ಕಾದೆ, ಬಯ್ದಿದ್ದರೆ ಹಗುರಾಗುತ್ತಿದ್ದೆ. ಅವನು ಕೈಯಲ್ಲಿದ್ದ ಜಾಲಿಯ ಮುಳ್ಳುಕೊಂಬೆಯನ್ನು ಜಾಗಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದ.

“ಆತು ಬಿಡ್ರಿ. ಬ್ಯಾಟರಿ ಬಿಚ್ಚಿಕೊಡ್ರಿ ಕಾಕಾ. ತೊಗರಿಗಿ ಎಣ್ಣಿ ಹೊಡೀಬೇಕು” ಎಂದ.

ಮಾನ್ಯರೇ, ತಮಗೆ ಒಕ್ಕಲುತನ ತಿಳಿಯದಿರಬಹುದು. ಈಗಿನ್ನೂ ತೊಗರಿಯ ಬಿತ್ತನೆಯೇ ಆಗಿಲ್ಲ. ಬಿತ್ತದ ಹೊಲಕ್ಕೆ ಯಾರೂ ಔಷಧ ಹೊಡೆಯುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಹಿರಿಯನ ಮುಖಕ್ಕೆ ಹೊಡೆದಂತೆ ಆಗಬಾರದೆಂದು ಅವನು ಒಂದು ನೆಪ ಹುಡುಕಿ ಕೊಟ್ಟ. ಅವನ ಕುರಿ ಸತ್ತ ಸಂಕಟದಲ್ಲೂ ನನ್ನ ಮಾನ ಕಾಯುವುದು ಅವನ ಕೆಲಸವಾಯಿತು. ನಾನು ಬ್ಯಾಟರಿಯನ್ನು ಒರೆಸಿ, ತಂದು ಅವನ ಕೈಗೆ ಕೊಟ್ಟೆ. ಮುಂದಿನ ಸುಗ್ಗಿ ಮುಗಿದ ಮೇಲೆ ಅವನ ಹಿಂಡು ನನ್ನ ಹೊಲದಲ್ಲಿ ತಂಗುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇದೆಲ್ಲ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಾಗ, “ಬರೀರಿ, ಖರೆ ಬರೀರಿ” ಎಂದಷ್ಟೇ ಹೇಳಿದ.

ಇಷ್ಟು ಓದಿದ ಮೇಲೆ ತಮ್ಮ ಕಚೇರಿಯಲ್ಲಿ ಏನು ನಡೆಯುತ್ತದೆಂದು ನಾನು ಬಲ್ಲೆ. ಕೆಂಪು ಶಾಯಿಯ ಪೆನ್ನು ಹೊರಬರುತ್ತದೆ. ನನ್ನ ತಪ್ಪೊಪ್ಪಿಗೆಯ ಕೆಳಗೆ ಗೆರೆ ಬೀಳುತ್ತದೆ. ‘ಅರ್ಜಿದಾರರ ಹೇಳಿಕೆಯಂತೆ ಕುರಿಗಳ ಸಾವಿಗೆ ಪಾಸ್‌ವರ್ಡ್ ಕಾರಣ, ಇಲಾಖೆಗೆ ಸಂಬಂಧವಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚಲಾಗುತ್ತದೆ. ಅದೇ ಭಯದಿಂದ ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂದು ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಸುಳ್ಳು. ಬಾಯಿ ಮುಚ್ಚಿಕೊಂಡದ್ದು ನಾಚಿಕೆಯಿಂದ. ಆದರೆ ಭಯವೂ ಸುಳ್ಳಲ್ಲ. ನಾನು ನಿಜ ಹೇಳಿ ಹಗುರಾಗಿ, ಅದರ ಭಾರ ಮತ್ತೆ ಅವನ ತಲೆಯ ಮೇಲೆಯೇ ಬಿದ್ದರೆ ಅದು ಎರಡನೆಯ ದ್ರೋಹವಾಗುತ್ತದೆ.

ಆದ್ದರಿಂದ ಕೇಳಿ. ನಾನು ಬಾಗಿಲು ಹಾಕಿದ್ದು ನಿಜ. ಆದರೆ ಇಡೀ ಊರಿಗೆ ಒಂದೇ ಬಾಗಿಲು ಉಳಿಯುವಂತೆ ಮಾಡಿದವರು ಯಾರು? ಒಬ್ಬ ಮುಂಗೋಪಿ ಮುದುಕನ ಬೆಳಗಿನ ಮನಸ್ಸಿನ ಮೇಲೆ ಊರಿನ ಜೀವ ನಿಲ್ಲುವಂತಾದದ್ದು ಯಾರ ಆಡಳಿತ? ಕುರಿ ಮೇಯಿಸುವವನು ತನ್ನ ಪಂಪಿನ ಹೊಟ್ಟೆ ಬಗೆದು ಊರಿಗೆ ನೆಟ್ಟು ಕೊಡುವ ಕೆಲಸವನ್ನು ಯಾರ ಬದಲಿಗೆ ಮಾಡುತ್ತಿದ್ದ? ನನ್ನ ತಪ್ಪಿಗೆ ನಾನು ಅವನೆದುರು ನಿಂತೆ. ತಾವು ಯಾರೆದುರು ನಿಂತಿದ್ದೀರಿ?

ನನ್ನ ಬೇಡಿಕೆ ದೊಡ್ಡದಲ್ಲ. ಕರೆಂಟು ತೆಗೆಯುವ ಹಿಂದಿನ ದಿನವೇ ಪಂಚಾಯಿತಿಯ ಮೈಕಿನಲ್ಲಿ ಕೂಗಿಸಿ ಹೇಳಿ, ಯಾವ ಭಾಷೆಯಲ್ಲಾದರೂ ಸರಿ. ಪರಿಹಾರದ ಅರ್ಜಿಯನ್ನು ಅಮೋಘಸಿದ್ದ ಈ ಪತ್ರದ ಪ್ರತಿಯ ಜೊತೆಗೇ ತಮ್ಮ ಕಚೇರಿಗೆ ಕಳಿಸುತ್ತಿದ್ದಾನೆ. ಅದನ್ನು ನನ್ನ ತಪ್ಪಿನ ಮರೆಯಲ್ಲಿ ಅಡಗಿಕೊಂಡು ತಳ್ಳಿಹಾಕಬೇಡಿ. ತಮ್ಮವರಲ್ಲಿ ಯಾರನ್ನಾದರೂ ಅವನ ಹಟ್ಟಿಯವರೆಗೆ ಕಳಿಸಿ, ತಮ್ಮ ಪಾಲನ್ನು ಅವನ ಮುಖ ನೋಡಿ ಹೇಳಿಸಿ. ಅವನು ಬಯ್ಯುವುದಿಲ್ಲ. ಅದನ್ನು ತಡೆದುಕೊಳ್ಳುವುದು ಕಷ್ಟ ಎಂದು ಬರುವವರಿಗೆ ಮೊದಲೇ ತಿಳಿಸಿರಿ.

ಇಂತಿ,
ಈಗ ಕರೆಂಟು ಹೋದರೆ ಎಲ್ಲರಂತೆ ಕತ್ತಲಲ್ಲಿ ಕೂರುವ,
ತಮ್ಮ ಜೊತೆಯ ತಪ್ಪಿತಸ್ಥ
ಆತ್ಮಾರಾಮ