ಚೀಟಿ ಬಿದ್ದಂತೆ ಖೋಲಿ

ಅಕ್ಕೋರೇ,

ಮೊದಲ ದಿನ ನೀವು ಹಾಜರಿ ಕೂಗಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೈಲಹೊಂಗಲದ ಹೊರಗಿನ ನಮ್ಮ ಸ್ನಾತಕೋತ್ತರ ಕೇಂದ್ರ, ಸಸ್ಯಶಾಸ್ತ್ರದ ತರಗತಿ, ಸುಣ್ಣದ ವಾಸನೆ ಇನ್ನೂ ಹೋಗಿರದ ಗೋಡೆಗಳು. ಎಲ್ಲರೂ ‘ಪ್ರೆಸೆಂಟ್ ಮೇಡಂ’ ಅನ್ನುತ್ತ ಬಂದರು. ‘ಯಲ್ಲವ್ವ’ ಎಂದು ನೀವು ಕರೆದಾಗ ನನ್ನ ಬಾಯಿಂದ ಹೊರಟದ್ದು ನಮ್ಮೂರು ಕಟಕೋಳದ ಸಾಲಿಯ ರೂಢಿ: “ಬಂದೇನ್ರಿ ಅಕ್ಕೋರ!” ಇಡೀ ತರಗತಿ ಗೊಳ್ಳೆಂದು ನಕ್ಕಿತು. ನೆಲ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ. ನೀವು ಕನ್ನಡಕ ತೆಗೆದು ಎಲ್ಲರನ್ನೂ ಒಮ್ಮೆ ನೋಡಿದಿರಿ. “ನಮ್ಮ ಸವದತ್ತಿ ಸಾಲ್ಯಾಗೂ ಹಿಂಗ ಕರೀತಿದ್ವಿ. ಮೇಡಂ ಅಂದ್ರ ಬ್ಯಾರೆ ಯಾರನ್ನೋ ಕರದಂಗ ಆಗ್ತದ ನನಗ. ನಾಳಿಂದ ಎಲ್ಲಾರೂ ಅಕ್ಕೋರ ಅನ್ರಿ.” ಮರುದಿನ ಬೆಳಗಾವಿಯಿಂದ ಬಂದಿದ್ದ ಹುಡುಗರೂ ನಾಲಿಗೆ ತಿರುಗಿಸಿಕೊಂಡು ‘ಅಕ್ಕೋರ’ ಅಂದರಲ್ಲ, ಆವತ್ತು ನಾನು ಎಷ್ಟು ನಕ್ಕೆ!

ಹಾಸ್ಟೆಲ್ಲಿನ ಖೋಲಿ ಹಂಚಿದ ದಿನ ಮಾತ್ರ ನಗು ಬರಲಿಲ್ಲ. ಅಲ್ಲಿಯವರೆಗೆ ಹುಡುಗಿಯರೇ ಜೊತೆ ಹುಡುಕಿಕೊಂಡು ಖೋಲಿ ಹಿಡಿಯುತ್ತಿದ್ದರು. ಯಾರೂ ಬಾಯಿಬಿಟ್ಟು ಜಾತಿ ಕೇಳುತ್ತಿರಲಿಲ್ಲ. “ಯಾವೂರು? ಊರಾಗ ಯಾವ ಓಣಿ?” ಎಂದರೆ ಸಾಕು, ತಿಳಿಯಬೇಕಾದದ್ದು ತಿಳಿಯುತ್ತಿತ್ತು. ನಮ್ಮ ಓಣಿಯ ಹೆಸರು ಹೇಳಿದ ಮೇಲೆ ಎದುರಿನವರ ಮುಖದಲ್ಲಿ ಏನೋ ಒಂದು ಸರಿದಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದವಳು. ಹೀಗೆ ಮೇಲಿನ ಅಂತಸ್ತು ಒಬ್ಬರದು, ಕೆಳಗಿನ ಸಾಲು ಇನ್ನೊಬ್ಬರದು, ಬಚ್ಚಲಿನ ಪಕ್ಕದ ಖೋಲಿಗಳು ನಮ್ಮಂಥವರದು. ವಾರ್ಡನ್ ಆಗಿ ಬಂದ ನೀವು ಒಂದು ಅವಲಕ್ಕಿ ಡಬ್ಬಿಯ ತುಂಬ ಹೆಸರಿನ ಚೀಟಿ ಹಾಕಿಕೊಂಡು ಬಂದಿರಿ. “ಎತ್ರಿ. ಯಾರ ಹೆಸರು ಬರ್ತದೋ ಅವರ ಜೋಡಿ ಇರ್ರಿ.”

ನನ್ನ ಹೆಸರು ಎತ್ತಿದವಳು ಮುನವಳ್ಳಿಯ ವೈದೇಹಿ. ಪೂಜೆ-ಪುರಾಣದ ಮನೆತನದ ಹುಡುಗಿ. ಚೀಟಿ ಓದಿದಾಗಿನ ಅವಳ ಮುಖ... ಬಿಡಿ, ನನ್ನ ಮುಖವೂ ಅಷ್ಟೇ ಚಂದವಿದ್ದಿರಬೇಕು. ಸಂಜೆಯ ಹೊತ್ತಿಗೆ ಅವಳು ಖೋಲಿಯ ನಟ್ಟನಡುವೆ ಹಗ್ಗ ಕಟ್ಟಿ, ಹಳೇ ಇಳಕಲ್ ಸೀರೆಯೊಂದನ್ನು ಇಳಿಬಿಟ್ಟಿದ್ದಳು. ಸಿಟ್ಟಿನಿಂದ ನಿಮ್ಮ ಮುಂದೆ ಬಂದು ನಿಂತೆ.

“ಅಕ್ಕೋರ, ನನಗ ಬ್ಯಾರೆ ಖೋಲಿ ಕೊಡ್ರಿ. ಆಕೀ ನಡುವ ಸೀರಿ ಕಟ್ಟ್ಯಾಳ.”

“ಎಂಥಾ ಸೀರಿ?”

“ಇಳಕಲ್ಲ ಸೀರಿ ರಿ.”

“ಭಾರೀ ಬಣ್ಣ ಇರ್ಬೇಕಲ್ಲ!” ಎಂದು ನಕ್ಕಿರಿ. ಆಮೇಲೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಮೆಲ್ಲಗೆ ಹೇಳಿದಿರಿ, “ಮದಲ್ನೇ ಪರೀಕ್ಷಾ ಮುಗಿಯೂತನಕ ತಡಿ. ಆಗೂ ಬ್ಯಾರೆ ಖೋಲಿ ಬೇಕು ಅಂದ್ರ ನಾನ ನಿನ್ನ ಗಂಟು ಹೊತ್ತು ಬಿಟ್ಟು ಬರ್ತೀನಿ.”

ಆ ದಿನಗಳಲ್ಲಿ ನೀವು ಸಮಾನತೆಯ ಬಗ್ಗೆ ನಮಗೆ ಒಂದೇ ಒಂದು ಭಾಷಣ ಮಾಡಲಿಲ್ಲ. ಮಧ್ಯಾಹ್ನ ಬಾಡಿಗೆಯ ಮನೆಗೆ ಹೋಗುವುದನ್ನು ಬಿಟ್ಟು ನಮ್ಮ ಮೆಸ್ಸಿನಲ್ಲಿ ಊಟಕ್ಕೆ ಕುಳಿತಿರಿ, ಅಷ್ಟೇ. ಅದೂ ಯಾರು ಒಂಟಿಯಾಗಿ ಕುಳಿತಿದ್ದಾರೆ ಎಂದು ನೋಡಿ ಅವರ ಎದುರಿಗೆ. ಸವದತ್ತಿಯ ನಿಮ್ಮ ಮನೆಯವರು ಇದಕ್ಕೆ ಏನಂದಿರಬಹುದು? ನೀವು ಯಾವತ್ತೂ ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ. ಝುಣಕದ ಪಾತ್ರೆ ನಮ್ಮ ಕಡೆ ತಳ್ಳಿ, “ಖಾರ ಕಮ್ಮಿ ಆಗ್ಯದ, ಅಲ್ಲೇನು?” ಎಂದು ನೀವು ಕೇಳುವುದೊಂದೇ ನೆನಪಿದೆ.

ಸೆಮಿನಾರ್ ಬಂತಲ್ಲ, ಆಗ ನಾನು ಊರಿಗೆ ಓಡಲು ಚೀಲ ತುಂಬಿಕೊಂಡಿದ್ದೆ. ಬಿ.ಎಸ್ಸಿ.ವರೆಗೆ ಹೇಗೋ ಉರು ಹೊಡೆದು ದಾಟಿದ್ದೆ. ಎಲ್ಲರ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡುವುದೆಂದರೆ ಜೀವ ಹೋದಂತೆ. ಖೋಲಿಯಲ್ಲಿ ಒಬ್ಬಳೇ ಗುನುಗುತ್ತಿದ್ದಾಗ ಸೀರೆಯ ಆ ಕಡೆಯಿಂದ ದನಿ ಬಂತು: “ಹಂಗಲ್ಲ ಅದು. ಇನ್ನೊಮ್ಮೆ ಅನ್ನು.” ಆ ಪದವನ್ನು ಮತ್ತೆ ಹೇಳಿದೆ. “ಈಗ ಬರೋಬ್ಬರಿ ಅದ” ಎಂದಳು. ನಾನು ಸುಮ್ಮನಿರುತ್ತೇನೆಯೇ? “ನಮ್ಮ ಓಣ್ಯಾಗ ಅದ ಅನ್ನೂದಿಲ್ಲ, ಐತಿ ಅನ್ನು” ಎಂದೆ. ಸೀರೆಯ ಹಿಂದೆ ಕಿಸಕ್ಕನೆ ನಗು. ಖೋಲಿಗಿದ್ದ ಒಂದೇ ಬಲ್ಬು ಅವಳ ಕಡೆಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಸೀರೆ ಸರಿಸಿದಳು. “ಕತ್ತಲ್ಯಾಗ ಏನ್ ಓದ್ತೀ? ಈ ಕಡೆ ಬಾ.” ಆ ವಾರವೆಲ್ಲ ಸೀರೆ ಸರಿದೇ ಇತ್ತು. ಆಮೇಲೆ ಅದು ನಮ್ಮಿಬ್ಬರ ಪುಸ್ತಕಗಳ ಮೇಲೆ ಧೂಳು ಬೀಳದಂತೆ ಹೊದಿಸುವ ಬಟ್ಟೆಯಾಯಿತು.

ಸೆಮಿನಾರಿನ ದಿನ ನನ್ನ ಪಾಳಿ ಬಂತು. ನೀವು ಎದ್ದು ನಿಂತು ಹೇಳಿದಿರಿ, “ಕನ್ನಡದಾಗ ಹೇಳ್ರಿ, ಇಂಗ್ಲಿಷಿನ್ಯಾಗ ಹೇಳ್ರಿ, ಎರಡೂ ಕೂಡಿಸಿ ಹೇಳ್ರಿ. ವಿಷಯ ತಿಳದದೋ ಇಲ್ಲೋ, ನಾ ಅಷ್ಟ ನೋಡಾಕಿ.” ಜೋಳದ ಬೇರಿನ ಬಗ್ಗೆ ಶುರುಮಾಡಿದವಳು ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲವಂತೆ. ಕಡೆಗೆ ನೀವೇ “ಸಾಕವಾ, ಉಳಿದವರಿಗೂ ಒಂದೀಟು ಬಿಡು” ಅನ್ನಬೇಕಾಯಿತು. ಬೇರೆ ಖೋಲಿ ಕೇಳಲು ನಾನು ಮತ್ತೆ ನಿಮ್ಮ ಹತ್ತಿರ ಬರಲೇ ಇಲ್ಲ. ನೀವೂ ಯಾಕೆಂದು ಕೇಳಲಿಲ್ಲ.

ನೀವು ನಿವೃತ್ತಿಯಾಗಿ ಸವದತ್ತಿಗೆ ಹೋದಿರಿ. ಅದೇ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಾಗ ಪೇಡೆ ತಂದು ಕೊಟ್ಟೆನಲ್ಲ, ಅರ್ಧ ತಿಂದು ಉಳಿದರ್ಧ ನನ್ನ ಬಾಯಿಗೆ ಹಾಕಿದಿರಿ. ನಿಮ್ಮನ್ನು ಕಡೆಯ ಸಲ ಕಂಡದ್ದು ಆಗ; ಆಮೇಲೆ ಬಂದದ್ದು ನೀವು ತೀರಿಕೊಂಡ ಸುದ್ದಿ. ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲದ ಕಥೆ.

ಹೋದ ವರ್ಷ ನನ್ನನ್ನು ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಮಾಡಿದರು. ಮೊದಲ ದಿನ ಮೆಸ್ಸಿಗೆ ಹೋದರೆ, ಎಂ.ಕೆ. ಹುಬ್ಬಳ್ಳಿ ಕಡೆಯ ಪೂಜಾ ಎಂಬ ಹುಡುಗಿ ಕೈ ತೊಳೆಯುವ ನಲ್ಲಿಯ ಪಕ್ಕದಲ್ಲಿ ಒಬ್ಬಳೇ ಕುಳಿತು ಉಣ್ಣುತ್ತಿದ್ದಳು. ಅವಳ ಅಪ್ಪ-ಅವ್ವ ಕಬ್ಬು ಕಡಿಯುವವರು. “ಇಲ್ಲ್ಯಾಕ ಕುಂತೀ?” ಎಂದರೆ, “ಇಲ್ಲಿ ಗಾಳಿ ಚಲೋ ಬರತೈತ್ರಿ ಮೇಡಂ” ಅಂದಳು. ಎಂಥ ಗಾಳಿ ಅಕ್ಕೋರೇ? ಅಲ್ಲಿ ಕಿಟಕಿಯೇ ಇಲ್ಲ. ಖೋಲಿಗಳನ್ನು ನೋಡಿದೆ. ನೀವು ನಿವೃತ್ತಿಯಾದ ಮೇಲೆ ಚೀಟಿಯ ಪದ್ಧತಿ ನಿಂತು, ಎಲ್ಲ ಹಳೆಯಂತೆಯೇ ಆಗಿತ್ತು. ಗೋಡೆಯ ಮೇಲೆ ಮಾತ್ರ ‘ನಾವೆಲ್ಲರೂ ಒಂದೇ’ ಎಂಬ ದೊಡ್ಡ ಫಲಕ.

ನಾನು ಮತ್ತೆ ಚೀಟಿ ಬರೆದೆ. ಪೂಜಾಳ ಜೊತೆಗೆ ಬಂದದ್ದು ಕಿತ್ತೂರಿನ ಹತ್ತಿರದ ದೊಡ್ಡ ಒಕ್ಕಲುತನದ ಮನೆಯ ಸ್ನೇಹಾ. ವಾರ ಕಳೆಯುವಷ್ಟರಲ್ಲಿ ಅವಳ ತಂದೆ ಜೀಪು ತೆಗೆದುಕೊಂಡು ಬಂದರು.

“ಮೇಡಂ, ನನ್ನ ಮಗಳಿಗೆ ಖೋಲಿ ಬದಲಿ ಮಾಡ್ರಿ. ಇಲ್ಲಂದ್ರ ಇವತ್ತ ಮನಿಗೆ ಕರಕೊಂಡ ಹೊಂಟೇನಿ. ಸಾಲಿ ಸಾಕು ಆಕೀಗೆ.”

ನನ್ನ ಚೀಟಿಯಿಂದ ಒಬ್ಬ ಹುಡುಗಿಯ ಓದೇ ನಿಂತುಹೋದರೆ? ನಿಯಮ ದೊಡ್ಡದೋ, ಆ ಹುಡುಗಿಯ ಓದು ದೊಡ್ಡದೋ? ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಯೋಚಿಸಿದೆ. ಊಟಕ್ಕೆ ಕೂಡಿಸುತ್ತಿದ್ದಿರಿ! “ಆತ್ರಿ, ಮಾತಾಡೂಣು. ದೂರದಿಂದ ಬಂದೀರಿ, ಮದಲ ಊಟಾ ಮಾಡ್ರಿ” ಎಂದು ಮೆಸ್ಸಿಗೆ ಕರೆದುಕೊಂಡು ಹೋದೆ. ಅವರು ಬೇಡವೆನ್ನುತ್ತಲೇ ಬಂದು ಕುಳಿತರು. ಸ್ನೇಹಾ ಓಡಿ ಬಂದಳು. ಅವಳ ಹಿಂದೆ ರೊಟ್ಟಿಯ ಬುಟ್ಟಿ ಹಿಡಿದು ಪೂಜಾ. ಆವತ್ತು ಬಡಿಸುವ ಪಾಳಿ ಅವಳದು. ಅವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. “ರೊಟ್ಟಿ ಹಾಕ್ಲೇನ್ರಿ ಕಾಕಾರ?” ಎಂದು ಕೇಳಿ, ಹಾಕಿ, ಮುಂದಿನ ಸಾಲಿಗೆ ಹೋದಳು.

“ಅಪ್ಪಾ, ಆಕೀನ ಪೂಜಾ” ಅಂದಳು ಸ್ನೇಹಾ.

ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. “ನಡಿ, ಸಾಮಾನ ತುಂಬಕೋ.”

“ನಾ ಬರೂದಿಲ್ಲಪಾ.”

“ಯಾಕ? ಏನ್ ಮಾಡ್ಯಾಳಾಕಿ ನಿನಗ?”

“ಏನೂ ಮಾಡಿಲ್ಲ. ಗೆಳತಿ ಆಗ್ಯಾಳ. ಅಷ್ಟ.”

ಮೆಸ್ಸಿನವರೆಲ್ಲ ಇತ್ತಲೇ ತಿರುಗಿ ನೋಡುತ್ತಿದ್ದರು. ಅವರು ಮಗಳ ಕಡೆ ಬಾಗಿ ದನಿ ತಗ್ಗಿಸಿದರು. ಆ ಮಾತಿನಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. “ಊರಾಗ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ, ತಂಗೀ?”

ಸ್ನೇಹಾ ಒಂದು ಕ್ಷಣವೂ ತಡೆಯಲಿಲ್ಲ. “ಚೀಟಿ ಹಂಗ ಬಿತ್ತು ಅಂತ ಹೇಳು. ನಂದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ.”

ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಮೆಸ್ಸೇ ನಕ್ಕಿತು. ಅವರ ಮೀಸೆಯ ಕೆಳಗೂ ನಗು ನುಸುಳಿತು; ತಲೆ ಬಗ್ಗಿಸಿ ಆ ರೊಟ್ಟಿಯನ್ನು ಪಲ್ಯಕ್ಕೆ ಅದ್ದಿಕೊಂಡರು. ಅವರು ಬದಲಾಗಿಬಿಟ್ಟರು ಎಂದು ನಾನು ಹೇಳುವುದಿಲ್ಲ. ಹೋಗುವಾಗ ನನಗೆ ನಮಸ್ಕಾರ ಹೇಳಿದರು, ಪೂಜಾಳನ್ನು ನೋಡಲಿಲ್ಲ. ಆದರೆ ಮಗಳ ಸಾಮಾನೂ ಜೀಪು ಹತ್ತಲಿಲ್ಲ.

ಆವತ್ತು ನನಗೆ ನೀವು ಇನ್ನಷ್ಟು ಅರ್ಥವಾದಿರಿ. ನೀವೇ ಕುಳಿತು ಯಾರಿಗೆ ಯಾರು ಎಂದು ಗೊತ್ತುಮಾಡಬಹುದಿತ್ತಲ್ಲ, ಚೀಟಿ ಯಾಕೆ ಎಂದು ಆಗ ಎಷ್ಟೋ ಸಲ ಅಂದುಕೊಂಡಿದ್ದೆ. ಹಳೆಯ ಗೆರೆ ದಾಟುವವರಿಗೂ ಊರಿನವರ ಮುಂದೆ ಹೇಳಿಕೊಳ್ಳಲು ಒಂದು ನೆಪ ಬೇಕಾಗುತ್ತದೆ. ಅದನ್ನೇ ನೀವು ಡಬ್ಬಿಯಲ್ಲಿಟ್ಟು ಹಂಚಿದಿರಿ. ಅಥವಾ ನಾನೇ ದೊಡ್ಡದು ಮಾಡಿ ಹೇಳುತ್ತಿದ್ದೇನೋ? ನೀವಿದ್ದಿದ್ದರೆ ಕೇಳಬಹುದಿತ್ತು.

ಚೀಟಿಯೊಂದರಿಂದಲೇ ಎಲ್ಲ ಆಗುವುದಿಲ್ಲವೆಂದು ನನಗೂ ಗೊತ್ತು. ರಾಮದುರ್ಗದ ಕಡೆಯ ಬಸ್ಸಿಗೆ ಓಡಬೇಕಾದವರು ಸಂಜೆಯ ಗ್ರಂಥಾಲಯ ಕಾಣುವುದೇ ಇಲ್ಲ. ಅವರಿಗಾಗಿ ಈಗ ಬೆಳಗಿನ ಮೊದಲ ಬಸ್ಸು ಬರುವ ಹೊತ್ತಿಗೇ ಬಾಗಿಲು ತೆಗೆಸುತ್ತಿದ್ದೇನೆ. ಅದಕ್ಕಾಗಿ ಮಾಡಿದ ಜಗಳ ಬರೆದರೆ ಇನ್ನೊಂದು ಪತ್ರವೇ ಆದೀತು. ಗಂಡುಹುಡುಗರ ಹಾಸ್ಟೆಲ್ಲಿನವರೂ ಬಂದು, “ನಮಗೂ ಚೀಟಿ ಹಾಕ್ರಿ ಮೇಡಂ” ಎಂದಿದ್ದಾರೆ. ಬರುವ ವರ್ಷ ಅಲ್ಲಿಯೂ ಹಾಕಿಸುತ್ತೇನೆ. ನನ್ನ ನಂತರ ಬರುವವರು ನಿಲ್ಲಿಸಲಾಗದಂತೆ ಅದನ್ನು ಕೇಂದ್ರದ ನಿಯಮವಾಗಿಸುವವರೆಗೆ ಬಿಡುವುದಿಲ್ಲ. ಇದು ನಿಮಗೆ ಕೊಡುವ ಮಾತು.

ಇನ್ನು ನಿಜವಾದ ಸುದ್ದಿ. ಈ ದಸರೆಯ ರಜೆಗೆ ಸ್ನೇಹಾ, ಪೂಜಾಳನ್ನು ತನ್ನ ಊರಿಗೆ ಕರೆದುಕೊಂಡು ಹೋಗಿದ್ದಳು. ಮನೆಯಲ್ಲಿ ಒಪ್ಪಿದ್ದಾರೋ ಇಲ್ಲವೋ ಎಂದು ನಾನು ಇಲ್ಲಿ ಚಡಪಡಿಸುತ್ತಿದ್ದೆ. ಮರಳಿ ಬಂದ ಮೇಲೆ ಪೂಜಾಳನ್ನು ಕರೆದು ಕೇಳಿದೆ, “ಊಟಕ್ಕ ಎಲ್ಲಿ ಕೂಡ್ಸಿದ್ರವಾ ನಿನ್ನ?”

“ಮದಲ್ನೇ ದಿನ ಹೊರಗ ಪಡಸಾಲ್ಯಾಗ್ರಿ ಮೇಡಂ,” ಅಂದಳು. ಆಮೇಲೆ ಹಲ್ಲು ಕಾಣುವಂತೆ ನಕ್ಕಳು. “ಮರುದಿನ ಅವರವ್ವ ತಾವ ಕರದ್ರು. ‘ಅಲ್ಲಿ ತನಕ ರೊಟ್ಟಿ ಆರಿ ಹೋಗತಾವು, ಇಲ್ಲೇ ಒಲಿ ಮುಂದ ಬಂದು ಕುಂದುರು’ ಅಂದ್ರು.”

ನಿಮ್ಮ
ಯಲ್ಲವ್ವ