ಕಾಗೆಯ ಜೊತೆ ರಾಜಿ

ಬಿಬವೇವಾಡಿ, ಪುಣೆ
೨೬ ಜೂನ್ ೨೦೨೫

ಮಾಯಾಳ ಅಪ್ಪನಿಗೆ ಶಿವಕಾಂತಾಳ ನಮಸ್ಕಾರ.

ಸೊಂಟನೋವು ಹೇಗಿದೆ? ಭೋರ್ ಆಚೆ ನಿಮ್ಮ ರಸ್ತೆ ಕೆಲಸದ ಘಾಟಿನಲ್ಲಿ ಮಳೆ ಜೋರು ಎಂದು ಭೀಮು ಹೇಳಿದ. ಒದ್ದೆ ಬಟ್ಟೆಯಲ್ಲೇ ಮಲಗಬೇಡಿ. ಅಲ್ಲಿ ಫೋನಿಗೆ ರೇಂಜಿಲ್ಲ, ಅದಕ್ಕೇ ಅವನ ಲಾರಿಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ನಾನು ಆರಾಮಾಗಿದ್ದೇನೆ ಎಂದು ಬರೆಯಬೇಕು, ನಿಮ್ಮ ಮಗಳು ಬಿಟ್ಟರೆ ತಾನೇ.

ಈ ವರ್ಷ ಅವಳ ಶಾಲೆಯಲ್ಲಿ ಶಾಂತಿಪಾಠ ಎಂದು ಹೊಸದೊಂದು ತರಗತಿ ಶುರುವಾಗಿದೆ. ಮನೆಯ ಹತ್ತಿರದ ಒಂದು ಜೀವದ ಜೊತೆ ಸ್ನೇಹ ಬೆಳೆಸಬೇಕಂತೆ. ಅದಕ್ಕೆ ಸಿಟ್ಟು ಬಂದರೆ ಯಾಕೆ ಬಂತು ಎಂದು ತಿಳಿಯಬೇಕಂತೆ. ಬೇರೆ ಮಕ್ಕಳು ತುಳಸಿ, ಬೆಕ್ಕಿನ ಮರಿ ಎಂದು ಸುಮ್ಮನಾದರು. ಇವಳು ಆರಿಸಿದ್ದು ನಮ್ಮ ರೊಟ್ಟಿ ಅಂಗಡಿಯೆದುರು ಗುಲ್‌ಮೊಹರ್ ಮರದಲ್ಲಿ ಗೂಡು ಕಟ್ಟಿರುವ ಕಾಗೆಯನ್ನು. ಮರಿ ಆದಾಗಿನಿಂದ ಅದು ಗಿರಾಕಿಗಳ ನೆತ್ತಿ ಕುಕ್ಕುತ್ತಿದೆ. ಕಳೆದ ವಾರ ಮೇಲಿನ ಮನೆಯ ನಾಗವ್ವನಿಗೆ ರಕ್ತವೇ ಬಂತು. ಕಾಗೆಗೆ ಮರಿಗಳ ಚಿಂತೆ ಅಜ್ಜಿ ಎಂದು ಇವಳು ಸಮಾಧಾನ ಹೇಳಲು ಹೋದಳು. ಆಕೆ ನನ್ನ ಕಡೆ ತಿರುಗಿ, “ಕಾಗಿಗಿ ಮರಿ ಚಿಂತಿ ಅದ. ನನಗ ನನ್ನ ತಲಿ ಚಿಂತಿ ಇರಬಾರದೇನ?” ಎಂದರು. ಅವತ್ತಿನಿಂದ ನಮ್ಮಲ್ಲಿ ರೊಟ್ಟಿ ಒಯ್ಯುವುದನ್ನೇ ಬಿಟ್ಟರು. ಉಳಿದವರೂ ಮುಂದಿನ ಓಣಿಗೆ ಹೋಗತೊಡಗಿದರು. ಬಡಿದ ರೊಟ್ಟಿಯನ್ನು ನಾವೇ ತಿಂದು ತಿಂದು ಸಾಕಾಯಿತು.

ಕೊನೆಗೆ ಕಟ್ಟಡದ ಮಾಲೀಕರಿಗೆ ಹೇಳಿ, ಗೂಡಿರುವ ಕೊಂಬೆ ಕಡಿಯಲು ಮಾಂತುವನ್ನು ಕರೆಸಿದೆ. ಅವನು ಏಣಿ ಹತ್ತಿದ್ದೇ ತಡ, ಎರಡೂ ಕಾಗೆಗಳು ಮೇಲೆರಗಿದವು. ಮಾಯಾ ಬಂದು ಏಣಿ ಹಿಡಿದು ನಿಂತಳು. ಅಳಲಿಲ್ಲ, ಹಟ ಮಾಡಲಿಲ್ಲ. “ಅವ್ವಾ, ಕೊಂಢವಾದೊಳಗ ನಮ್ಮ ಶೆಡ್ ಕೆಡವಲಾಕ ಬಂದಿದ್ರಲ್ಲ, ಆವಾಗ ನೀ ಏನ ಮಾಡಿದ್ದಿ?” ಎಂದು ಕೇಳಿದಳು. ಆ ಕಥೆ ಹೇಳಿದ್ದು ನೀವೇ ಇರಬೇಕು. ಅವಳನ್ನು ಹಡೆದ ಹಸಿ ಮೈಯಲ್ಲಿ ನಾನು ಲಟ್ಟಣಿಗೆ ಹಿಡಿದು ಆ ಗಂಡಸರನ್ನು ರಸ್ತೆಯವರೆಗೂ ಅಟ್ಟಿದ್ದನ್ನು ಮಗುವಿಗೆ ಹೇಳುವ ಅಗತ್ಯವೇನಿತ್ತು? ಮಾಂತು ಏಣಿಯ ಮೇಲಿಂದಲೇ ನಕ್ಕ. ನನಗೆ ಎಂಥ ಸಿಟ್ಟು ಬಂತೆಂದರೆ, ಮೊದಲು ಕೆಳಗಿಳಿ ಎಂದು ಅವನನ್ನೇ ಗದರಿದೆ.

ಈಗ ನೋಡಿ ನನ್ನ ಅವಸ್ಥೆ. ಮಳೆ ಇರಲಿ ಬಿಡಲಿ, ಛತ್ರಿ ಬಿಚ್ಚಿ ಗಿರಾಕಿಗಳನ್ನು ಗೇಟಿನಿಂದ ಅಂಗಡಿಗೆ ಕರೆತರುವುದು, ಮತ್ತೆ ಗೇಟಿಗೆ ಮುಟ್ಟಿಸುವುದು. ಉಪಾಯ ಮಾಯಾಳದು, ಅವಳು ಶಾಲೆಯಿಂದ ಬರುವವರೆಗೆ ದುಡಿತ ನನ್ನದು. ಅಷ್ಟರಲ್ಲಿ ಹಂಚಿನ ಮೇಲೆ ರೊಟ್ಟಿ ಸೀದಿರುತ್ತದೆ. ನಿನ್ನೆ ನಾಗವ್ವ ಮೆಟ್ಟಿಲ ಬಳಿ ನಿಂತು, “ನನ್ನೂ ಕರಕೊಂಡ ಹೋಗವಾ” ಎಂದರು. ಒಂದೇ ಛತ್ರಿಯಲ್ಲಿ ಇಬ್ಬರೂ ಬಂದೆವು. ದಾರಿಯುದ್ದಕ್ಕೂ ಬೈದರು, ಆದರೆ ರೊಟ್ಟಿ ಒಯ್ದರು.

ಹೊತ್ತಿಗೆ ಸರಿಯಾಗಿ ಉಣ್ಣಿ. ಜೊತೆಯವರಿಗೆಲ್ಲ ನಮ್ಮ ನೆನಪು ತಿಳಿಸಿ. ಶೇಂಗಾ ಚಟ್ನಿ ಕಳಿಸಿದ್ದೇನೆ. ದಾರಿಯಲ್ಲಿ ಭೀಮು ತಿಂದು ಮುಗಿಸಿದರೆ ನನ್ನನ್ನು ಕೇಳಬೇಡಿ.

ನಿಮ್ಮ
ಶಿವಕಾಂತಾ

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ. ಕೊಂಬೆಯ ಮಾತು ಎದ್ದ ಮೇಲೆ ಮಾಲೀಕರು ಪಾರ್ಕಿಂಗಿಗೆಂದು ಇಡೀ ಮರವನ್ನೇ ತೆಗೆಸಲು ಹೊರಟಿದ್ದಾರೆ. ಮರಿಗಳು ಹಾರುವವರೆಗೆ ಕಾಯುತ್ತಾರಂತೆ, ದೊಡ್ಡ ಉಪಕಾರ. ಮಾಯಾಗೆ ಹೇಳಿಲ್ಲ. ನನ್ನ ಮರಾಠಿ ರೊಟ್ಟಿ ಮಾರಲಷ್ಟೇ ಸಾಕು, ಜಗಳಕ್ಕೆ ಸಾಲದು. ಈ ಭಾನುವಾರ ಹೇಗಾದರೂ ಬನ್ನಿ. ನಮಗೆ ಮರ ಬೇಕು ಎಂದು ಹೋಗಿ ಹೇಳೋಣ. ನಾಗವ್ವನೂ ಬರುತ್ತಾರಂತೆ.