ಹಿಂದಿನ ಸೀಟಿಲ್ಲದ ಕಾರು

ಹೊಳೆನರಸೀಪುರ
೧೪ನೇ ಮಾರ್ಚ್ ೧೯೫೯

ತಮ್ಮ ದ್ಯಾವಯ್ಯನಿಗೆ,

ದಿಲ್ಲಿಯ ತನಕ ಹೋಗಿಬಂದು ಈಗ ಜಗುಲಿಯ ಮೇಲೆ ಕಾಲು ನೀಡಿಕೊಂಡು ಕೂತಿರುವ ನಿನ್ನ ಅಣ್ಣ ಲಕ್ಕಯ್ಯ ಬರೆದದ್ದು. ನೀನು, ಸುಬ್ಬಮ್ಮ, ಮಕ್ಕಳು ಆ ಚಿನ್ನದ ಗಣಿಯ ಊರಿನಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಬಂದ ಮೇಲೆ ಒಂದು ವಾರ ಮಲಗಿದಲ್ಲೇ ಇದ್ದೆ. ಕಣ್ಣು ಮುಚ್ಚಿದರೆ ರಸ್ತೆ ಎದುರಿನಿಂದ ಓಡಿಬಂದು ಹೊಟ್ಟೆಯೊಳಗೆ ಹೋಗುತ್ತಿತ್ತು. ನಿಮ್ಮ ಅತ್ತಿಗೆ ಮಾಯಮ್ಮ ಸೊಂಟಕ್ಕೆ ಹರಳೆಣ್ಣೆ ತಿಕ್ಕುತ್ತಾ, “ಕಾರಲ್ಲಿ ಕೂತ್ಕಂಡು ಬಂದೋನ್ಗೆ ಇಷ್ಟು ನೋವಾ? ಅದುನ್ನ ನೀನೇ ಎಳ್ಕಂಡು ಓಗಿದ್ಯಾ?” ಎಂದು ಕೇಳುತ್ತಾಳೆ. ಒಂದು ಲೆಕ್ಕದಲ್ಲಿ ಅವಳು ಹೇಳುವುದೂ ನಿಜವೇ.

ಬರುವಾಗ ಹೈದರಾಬಾದಿನ ಕಡೆಯಿಂದ ಬೆಂಗಳೂರಿಗೆ ಇಳಿದೆವು. ಅಲ್ಲಿಂದ ನಿನ್ನ ಮನೆ ಎಷ್ಟು ದೂರ? ಆದರೂ ಬಂದು ಮುಖ ತೋರಿಸಲಾಗಲಿಲ್ಲ. ಕಾರು ನನ್ನದಲ್ಲವಲ್ಲ, ತಿರುಗಿಸು ಎಂದು ಯಾವ ಬಾಯಲ್ಲಿ ಹೇಳಲಿ.

ನೀನು ಕಾಗದದಲ್ಲಿ ಒಂದೇ ಮಾತು ಕೇಳಿದ್ದೆ. ಹೋಗುವಾಗ ಊರಾಚೆ ನಿಂತು ಕಾರು ಹತ್ತಿದ ಅಣ್ಣ, ಬರುವಾಗ ಗೌಡರ ಪಕ್ಕದಲ್ಲಿ ಕೂತು ಪೇಟೆ ಬೀದಿಯಲ್ಲಿ ಬರುತ್ತಾನೋ ಇಲ್ಲವೋ ಎಂದು. ನಮ್ಮ ಕೇರಿಯಲ್ಲೂ ಎಲ್ಲರ ಬಾಯಲ್ಲಿ ಅದೇ ಪ್ರಶ್ನೆ ಇತ್ತು. ಹೇಳುತ್ತೇನೆ. ಮೊದಲು ದಾರಿಯದು ಹೇಳಿಬಿಡುತ್ತೇನೆ.

ಆ ಕಾರನ್ನು ನೀನು ನೋಡಿಲ್ಲ. ಸಕಲೇಶಪುರದ ಕಡೆ ನಾನು ಡ್ರೈವರ್ ಕೆಲಸಕ್ಕಿದ್ದ ಎಸ್ಟೇಟಿನ ದೊರೆ ತನ್ನ ದೇಶಕ್ಕೆ ಹೊರಟಾಗ ನಮ್ಮೂರಿನ ದೊಡ್ಡಗೌಡರ ಕಿರಿಮಗ ಪುಟ್ಟಸ್ವಾಮಿಗೌಡರು ಅದನ್ನು ಕೊಂಡರು. ಕಾರಿನ ಜೊತೆಗೆ ನಾನೂ ಬಂದೆ. ಸ್ಪೋರ್ಟ್ಸ್ ಕಾರು ಎನ್ನುತ್ತಾರೆ. ನೆಲಕ್ಕೆ ಅಂಟಿಕೊಂಡ ಹಾಗಿದೆ, ತಲೆಯ ಮೇಲೆ ಮಡಚುವ ಬಟ್ಟೆಯ ಸೂರು. ಇರುವುದು ಎರಡೇ ಸೀಟು, ಎರಡೂ ಮುಂದೆಯೇ. ಹಿಂದೆ ಒಂದು ಪೆಟ್ಟಿಗೆ ಇಡುವಷ್ಟು ಜಾಗ, ಅಷ್ಟೆ. ತೊಂದರೆ ಇದ್ದದ್ದೇ ಅಲ್ಲಿ. ಬೇರೆ ಕಾರಿನಲ್ಲಾದರೆ ಗೌಡರು ಹಿಂದೆ, ನಾನು ಮುಂದೆ, ಯಾರಿಗೂ ಯೋಚನೆಯಿಲ್ಲ. ಗಾಡಿಯಲ್ಲಾದರೆ ಅವರು ಮೇಲೆ, ನಾನು ಎತ್ತಿನ ಪಕ್ಕ ನೆಲದ ಮೇಲೆ. ಈ ಕಾರನ್ನು ಮಾಡಿದವನಿಗೆ ನಮ್ಮೂರು ಗೊತ್ತಿರಲಿಲ್ಲ. ಕೂತರೆ ಭುಜಕ್ಕೆ ಭುಜ ತಾಗುತ್ತದೆ.

ದೊಡ್ಡಗೌಡರ ಕಣ್ಣಿಗೆ ಬೀಳುವುದು ಬೇಡವೆಂದು ಹೊರಡುವ ದಿನ ನಾನು ಮುಂದಾಗಿ ನಡೆದು ಊರಾಚೆ ನಿಂತೆ. ಮಗ ಕಾರು ಓಡಿಸಿಕೊಂಡು ಬಂದು ನಿಲ್ಲಿಸಿದರು. ನಾನು ಹೋಗಿ ಹಿಂದೆ ಪೆಟ್ಟಿಗೆಯ ಮೇಲೆ ಹತ್ತಿ ಕೂತೆ!

“ಲಕ್ಕಯ್ಯ, ಮುಂದಕ್ಕೆ ಬಾರಯ್ಯ.”

“ಇಲ್ಲೇ ಚಂದಾಗೈತೆ ಬುದ್ಧಿ. ಗಾಳಿ ಬತ್ತದೆ.”

ಹಾಸನ ದಾಟಿತು. ದಾರಿಯುದ್ದಕ್ಕೂ ಮಕ್ಕಳು ನಮ್ಮ ಹಿಂದೆ ಓಡಿಬಂದರು, ಕಾರು ನೋಡಲಿಕ್ಕಲ್ಲ, ನನ್ನನ್ನು ನೋಡಲಿಕ್ಕೆ. ಅರಸೀಕೆರೆಯಲ್ಲಿ ಒಬ್ಬ ಪೊಲೀಸು ಕೈ ಅಡ್ಡ ಹಿಡಿದ.

“ಏನ್ ಸಾ ಇದು? ಮನುಷ್ಯನ್ನ ಮೂಟೆ ಮಾಡ್ಕಂಡು ಓಯ್ತಾ ಇದೀರಲ್ಲ. ಮುಂದೆ ಸೀಟು ಖಾಲಿ ಐತೆ.”

“ನಾನೂ ಅದನ್ನೇ ಹೇಳ್ತಿದೀನಿ ಕಣಯ್ಯ. ಕೇಳಲ್ಲ ಅವನು.”

ಪೊಲೀಸು ನನ್ನ ಕಡೆ ತಿರುಗಿದ. “ಯಾಕ್ಲಾ, ಮುಂದೆ ಮುಳ್ಳು ಮಡಗವ್ರಾ? ಇಳಿ ಕೆಳಕ್ಕೆ. ಅತ್ತು ಮುಂದಕ್ಕೆ. ಇಲ್ದಿದ್ರೆ ಇಬ್ರೂ ಠಾಣೆಗೆ ನಡೀರಿ.”

ಹೀಗೆ ದ್ಯಾವಯ್ಯ, ಸರಕಾರದ ಆಜ್ಞೆಯ ಮೇರೆಗೆ ನಿನ್ನ ಅಣ್ಣ ಗೌಡರ ಪಕ್ಕದಲ್ಲಿ ಕೂತ. ಚಿತ್ರದುರ್ಗದ ಬಂಡೆಗಳು ಕಾಣುವವರೆಗೂ ಬಾಗಿಲಿಗೆ ಒತ್ತಿಕೊಂಡೇ ಇದ್ದೆ. ಕೊನೆಗೆ ಅವರೇ, “ಬಾಗಿಲು ಕಿತ್ಕೊಂಡು ರಸ್ತೆಗೆ ಬಿದ್ದೀಯ, ಈಚೆ ಬಾ” ಎಂದರು. ಎಡಗಡೆಯ ಸೊಂಟ ಹಿಡಿದುಕೊಂಡದ್ದು ಆವತ್ತೇ.

ಹರಿಹರದ ಸೇತುವೆಯಿಂದ ಮುಂದಕ್ಕೆ ಸರತಿಯ ಮೇಲೆ ಓಡಿಸಿದೆವು. ನೀನು ಅಕ್ಷರ ಕಲಿತದ್ದು ಸ್ಲೇಟಿನ ಮೇಲೆ, ನಾನು ಕಲಿತದ್ದು ಮೈಲಿಗಲ್ಲುಗಳ ಮೇಲೆ. ನಿಪ್ಪಾಣಿ ದಾಟಿದ ಮೇಲೆ ಕಲ್ಲುಗಳ ಅಕ್ಷರ ಬದಲಾಯಿತು, ನಾನು ಮತ್ತೆ ಓದು ಬಾರದವನಾದೆ. ಅಲ್ಲಿಂದ ಪುಟ್ಟಸ್ವಾಮಿಗೌಡರೇ ಓದಿ ಹೇಳುತ್ತಿದ್ದರು. ಕೊಲ್ಹಾಪುರದ ಹತ್ತಿರ ಗಾಳಿಯೆಲ್ಲ ಬೆಲ್ಲದ ವಾಸನೆ. ಅಲ್ಲಿನ ಹೋಟೆಲಿನವನು ನಮ್ಮಿಬ್ಬರಿಗೂ ಒಂದೇ ಮೇಜಿನ ಮೇಲೆ ತಟ್ಟೆ ಇಟ್ಟು, ಅಣ್ಣತಮ್ಮಂದಿರಾ ಎಂದು ಅವನ ಭಾಷೆಯಲ್ಲಿ ಕೇಳಿದ. ಗೌಡರು ನಕ್ಕು ಹೂಂ ಎಂದರು. ನಾನು ಎತ್ತಿದ ತುತ್ತನ್ನು ಮತ್ತೆ ತಟ್ಟೆಗಿಟ್ಟೆ.

“ತಿನ್ನು ಕಣಯ್ಯ. ನಿನ್ನ ಅಣ್ಣ ಅಂದ್ಮೇಲೆ ಬಿಲ್ಲು ನೀನೇ ಕೊಡಬೇಕಾಯ್ತದೆ ಅಂತ ಹೆದರ್ಕೊಂಡ್ಯಾ?”

ಬೊಂಬಾಯಿಯ ಘಟ್ಟ ಬಹಳ ಚೆಂದವಂತೆ. ಗೌಡರು ನೋಡು ನೋಡು ಎನ್ನುತ್ತಲೇ ಇದ್ದರು. ಸ್ಟೀರಿಂಗು ಹಿಡಿದವನಿಗೆ ಕಾಣುವುದು ಮುಂದಿನ ತಿರುವು ಒಂದೇ. ಸಮುದ್ರವನ್ನು ಮಾತ್ರ ಇಳಿದು ನೋಡಿದೆ. ನೋಡಿ ಸುಸ್ತಾಯಿತು, ಅದಕ್ಕೆ ಆಚೆ ದಡವೇ ಇಲ್ಲ. ಆಮೇಲೆ ಊರುಗಳೆಲ್ಲ ಒಂದರೊಳಗೊಂದು ಸೇರಿಕೊಂಡಿವೆ. ಧೂಳು, ರೊಟ್ಟಿ, ಲಾರಿ, ಧೂಳು. ಆಗ್ರಾದ ದಾರಿಯಲ್ಲಿ ನನಗೆ ಜ್ವರ ಬಂತು. ಗೌಡರು ತಮ್ಮ ಪಂಚೆಯ ತುದಿ ನೆನೆಸಿ ನನ್ನ ಹಣೆಯ ಮೇಲೆ ಹಾಕಿ ಪಕ್ಕದಲ್ಲೇ ಕೂತಿದ್ದರು. ಇದು ಸುಳ್ಳಲ್ಲ, ನಿನಗೆ ನಂಬಿಕೆ ಬರದಿದ್ದರೂ ಬರೆಯುತ್ತಿದ್ದೇನೆ. ದಿಲ್ಲಿಯಲ್ಲಿ ನನಗೆ ನೆನಪಿರುವುದು ಚಳಿ ಒಂದೇ.

ಬರುವಾಗ ನಾಗಪುರದಲ್ಲಿ ನಿಂತೆವು. ನೀನು ಹೇಳಿದ್ದ ಮೈದಾನ, ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ಜಾಗ, ನೋಡಿದೆ. ನಾನು ಒಬ್ಬನೇ ಹೋಗಿಬರುತ್ತೇನೆಂದರೆ ಗೌಡರೂ ಇಳಿದು ಬಂದರು. ಆಗ ಅಲ್ಲಿ ಯಾರೂ ಇರಲಿಲ್ಲ, ಒಣಗಿದ ಹುಲ್ಲು, ಎರಡು ಎಮ್ಮೆ. ಗೌಡರು ಸುತ್ತಲೂ ಕಣ್ಣು ಹಾಯಿಸಿ, “ಇಲ್ಲಿ ಲಕ್ಷಾಂತರ ಜನ ಸೇರಿದ್ರಾ?” ಎಂದು ಕೇಳಿದರು.

“ಸೇರಿದ್ರಂತೆ ಬುದ್ಧಿ. ನನ್ ತಮ್ಮ ಏಳ್ತಿದ್ದ.”

ಕಾರಿಗೆ ಹಿಂತಿರುಗುವಾಗ ಅವರೇ ಮಾತು ತೆಗೆದರು. “ಲಕ್ಕಯ್ಯ, ಊರಿಗೆ ಹೋದಾಗ ನೀನು ಆಚೆ ಇಳಿಯೋದು ಬೇಡ. ಪೇಟೆ ಬೀದೀಲಿ ಹಿಂಗೇ ಹೋಗಾಣ. ನಮ್ಮಪ್ಪ ಏನಂತಾರೋ ಅನ್ಲಿ. ಆಯ್ತಾ?”

ಆಯ್ತು ಎಂದೆ. ಆ ದಿನವೇ ಮಾಯಮ್ಮನಿಗೆ ಒಂದು ಕಾರ್ಡು ಬರೆದು ಹಾಕಿದೆ.

ಕ್ಷೇಮವಾಗಿ ಊರು ತಲುಪಿದೆವು. ಕಾರಿಗೆ ಒಂದು ಗೀರೂ ಬಿದ್ದಿಲ್ಲ. ದೊಡ್ಡಗೌಡರು ಮಗನಿಗೆ ಬಾಗಿಲಲ್ಲಿ ಆರತಿ ಮಾಡಿಸಿದರಂತೆ. ಅರಕಲಗೂಡಿನಿಂದ ನೆಂಟರೂ ಬಂದು ಕಾರನ್ನು ಮುಟ್ಟಿ ನೋಡಿ ಹೋದರು. ಇಲ್ಲಿ ಈಗ ಬಿಸಿಲು ಜಾಸ್ತಿ. ಹೊಗೆಸೊಪ್ಪಿಗೆ ಒಳ್ಳೆಯ ಧಾರಣೆ ಬಂದಿದೆ ಎನ್ನುತ್ತಾರೆ. ನಾನು ಇನ್ನು ದೂರದ ದಾರಿಗೆ ಹೋಗಲಾರೆ, ಸಾಕಾಗಿದೆ ತಮ್ಮಾ.

ಸುಬ್ಬಮ್ಮನಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ಗಣಿಗೆ ಇಳಿದಷ್ಟು ಸಲವೂ ನೀನು ನಗುತ್ತಾ ಮೇಲೆ ಬಾ.

ನಿನ್ನ ಅಣ್ಣ,
ಲಕ್ಕಯ್ಯ

ವಿ.ಸೂ.: ಕಾಗದ ಮಡಚಿ ಅಂಟಿಸಲು ಹೋಗಿ ಮತ್ತೆ ಬಿಚ್ಚಿದ್ದೇನೆ. ನೀನು ಕೇಳಿದ್ದನ್ನು ಹೇಳಲಿಲ್ಲ ಎಂದು ನಿನಗೆ ಗೊತ್ತಾಗಿಯೇ ಆಗುತ್ತದೆ.

ಚನ್ನರಾಯಪಟ್ಟಣದಲ್ಲಿ ಕಾಫಿ ಕುಡಿದು ಹೊರಟಾಗ ನಾನೇ ಓಡಿಸುತ್ತಿದ್ದೆ. ಗೌಡರಿಗೆ ತೂಕಡಿಕೆ ಹತ್ತಿ, ಅವರ ತಲೆ ಜಾರಿ ನನ್ನ ಭುಜದ ಮೇಲೆ ಬಿತ್ತು. ಎಚ್ಚರವಾದೀತೆಂದು ಕೈ ಅಲ್ಲಾಡಿಸದೆ ನಿಧಾನವಾಗಿ ಬಂದೆ. ಊರು ಕಂಡಿತು. ಆಗ, ದ್ಯಾವಯ್ಯ, ಕಾರು ನಿಂತಿತು. ನಿಲ್ಲಿಸೆಂದು ಯಾರೂ ಹೇಳಲಿಲ್ಲ. ಕಾಲು ಬ್ರೇಕಿನ ಮೇಲೆ ಹೋದದ್ದು ನನಗೆ ತಿಳಿದದ್ದೇ ಕಾರು ನಿಂತ ಮೇಲೆ.

ಅವರು ಕಣ್ಣು ಬಿಟ್ಟು, “ಯಾಕೆ ನಿಲ್ಲಿಸ್ದೆ?” ಎಂದರು.

“ಊರು ಬಂತು ಬುದ್ಧಿ.” ಅಷ್ಟರಲ್ಲಿ ಇಳಿದೂ ಆಗಿತ್ತು.

ಅವರು ನನ್ನ ಮುಖ ನೋಡಿದರು, ಊರಿನ ಕಡೆ ನೋಡಿದರು. ಅವರ ಬಾಯಲ್ಲಿ ಒಂದು ಮಾತಿತ್ತು. ಹತ್ತು ಎಂದುಬಿಡಲಿ ಎಂದು ಬಾಗಿಲು ಹಿಡಿದುಕೊಂಡೇ ನಿಂತೆ. ಅವರು ಮೆಲ್ಲಗೆ ಸ್ಟೀರಿಂಗಿನ ಹಿಂದಕ್ಕೆ ಸರಿದರು. “ಹಂಗಾದ್ರೆ ಸಾಯಂಕಾಲ ಬಂದು ಕಾರು ತೊಳಿ ಲಕ್ಕಯ್ಯ” ಎಂದರು. ಅವರ ಮುಖದಲ್ಲಿ ಒಂದು ಹಗುರ ಕಂಡೆ, ಅದನ್ನು ಕಾಣದಿದ್ದರೆ ಚೆನ್ನಾಗಿತ್ತು.

ಪೇಟೆ ಬೀದಿಯ ಮೂಲೆಯಲ್ಲಿ ಮಾಯಮ್ಮ ಹೊಸ ಸೀರೆ ಉಟ್ಟು ಕೇರಿಯವರನ್ನೆಲ್ಲ ಕಟ್ಟಿಕೊಂಡು ನಿಂತಿದ್ದಳಂತೆ. ಅವರ ಮುಂದೆಯೇ ಕಾರು ಹೋಯಿತು. ನಾನು ನಡೆದು ಬರುವ ಹೊತ್ತಿಗೆ ಅವಳೊಬ್ಬಳೇ ಅಲ್ಲಿದ್ದಳು. “ಸೀಟು ಖಾಲಿ ಇತ್ತಲ್ಲಾ” ಎಂದಳು. “ಕೂರುಸ್ಕಂಡು ಬತ್ತೀನಿ ಅಂದೋರು, ಖಾಲಿ ಸೀಟ್ನ ಮೆರವಣಿಗೆ ಮಾಡುದ್ರಲ್ಲಾ!”

ಅವತ್ತಿನಿಂದ ಮಾಯಮ್ಮ ಒಲೆಯ ಮುಂದೆ ಕೂತು ಪುಟ್ಟಸ್ವಾಮಿಗೌಡರನ್ನು ಬೈಯುತ್ತಿದ್ದಾಳೆ, ಮಾತು ಕೊಟ್ಟು ದಾರಿಯಲ್ಲಿ ಇಳಿಸಿಬಿಟ್ಟರು ಎಂದು. ಇಳಿದದ್ದು ನಾನೇ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಬೈಯಲಿ ಎಂದು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೇನೆ.